ಪದಚರ್ಚೆ: ಬ್ಯಾಲೆಯ ಕತೆಸಾರದಲ್ಲಿ ಫ್ರಾಂಕನ್‌ಸ್ಟೈನನ ‘ಕ್ರೀಚರ್’ ಬರುತ್ತದೆಯೋ, ಬರುತ್ತಾನೋ?

ಎಲ್ಲರಿಗೂ ನಮಸ್ಕಾರ.

ಫ್ರಾಂಕನ್‌ಸ್ಟೈನ್ ಬ್ಯಾಲೆಗೆ ಕನ್ನಡದಲ್ಲಿ ಒಂದು ಚಿಕ್ಕ ಕತೆಸಾರ ಬರೆಯುತ್ತಿದ್ದೇನೆ. ಲಂಡನ್ನಿನ ರಾಯಲ್ ಬ್ಯಾಲೆ 2016ರಲ್ಲಿ ರಂಗಕ್ಕೆ ತಂದ ಮೂರು ಅಂಕದ ಬ್ಯಾಲೆ ಇದು. ನೃತ್ಯ ಸಂಯೋಜನೆ ಲಿಯಮ್ ಸ್ಕಾರ್ಲೆಟ್, ಸಂಗೀತ ಲೋವೆಲ್ ಲೀಬರ್‌ಮನ್. ಅದರ ರೆಕಾರ್ಡಿಂಗ್ ಹಾಕಿಕೊಂಡು ನಾವೊಂದಷ್ಟು ಜನ ನೋಡುವವರಿದ್ದೇವೆ, ಆಗ ಎಲ್ಲರ ಕೈಗೆ ಕೊಡುವ ಹಾಳೆ. ಅದರಲ್ಲಿ ಒಂದು ಪಾತ್ರದ ಹೆಸರಿಗೆ ಸಿಕ್ಕಿಕೊಂಡಿದ್ದೇನೆ. ವಿಕ್ಟರ್ ಫ್ರಾಂಕನ್‌ಸ್ಟೈನ್ ಹೆಣದ ತುಂಡುಗಳಿಂದ ಮಾಡಿ ಜೀವ ಕೊಡುವ ಪಾತ್ರ ಅದು, ಇಂಗ್ಲಿಷಿನ ಪಾತ್ರಪಟ್ಟಿಯಲ್ಲಿ ಸುಮ್ನೆ ‘ದಿ ಕ್ರೀಚರ್’ ಅಂತ ಇದೆ. ಕನ್ನಡದಲ್ಲಿ ಏನು ಹಾಕಬೇಕು?

ಕಣ್ಣಿಗೆ ಕಾಣುತ್ತದಲ್ಲ, ಹೆಸರು ಯಾಕೆ ಬೇಕು ಅಂತ ಯಾರಾದರೂ ಕೇಳಬಹುದು. ಬ್ಯಾಲೆಯಲ್ಲಿ ಯಾರೂ ಮಾತಾಡುವುದಿಲ್ಲ. ಬ್ಯಾಲೆಯಲ್ಲಿ ಅತ್ತೆಯರಿಲ್ಲ ಅಂತ ನೃತ್ಯ ಸಂಯೋಜಕ ಜಾರ್ಜ್ ಬ್ಯಾಲಂಚಿನ್ ಹೇಳುತ್ತಿದ್ದರಂತೆ, ಅಂದರೆ ಯಾರು ಯಾರಿಗೆ ಏನಾಗಬೇಕು ಅನ್ನುವುದನ್ನು ಕುಣಿದು ತೋರಿಸಲು ಆಗುವುದಿಲ್ಲ. ಈ ಕತೆಯಲ್ಲೋ ತಬ್ಬಲಿ ಎಲಿಜಬೆತ್ ಫ್ರಾಂಕನ್‌ಸ್ಟೈನ್ ಮನೆಗೆ ಬಂದು ವಿಕ್ಟರ್ ಜೊತೆಗೇ ಬೆಳೆಯುತ್ತಾಳೆ, ಆಮೇಲೆ ಅವನನ್ನೇ ಮದುವೆಯಾಗುತ್ತಾಳೆ, ಜಸ್ಟಿನ್ ಅನ್ನುವ ಹುಡುಗಿಯನ್ನು ತಾನು ಮಾಡದ ಕೊಲೆಗೆ ನೇಣಿಗೆ ಹಾಕುತ್ತಾರೆ. ಇದೆಲ್ಲ ಹಾಳೆ ನೋಡಿಕೊಂಡೇ ಗೊತ್ತಾಗಬೇಕು. ಹಾಗಾಗಿ ಹಾಳೆಯಲ್ಲಿ ನಾನು ‘ರಾಕ್ಷಸ’ ಅಂತ ಬರೆದುಬಿಟ್ಟರೆ, ಪರದೆ ಏಳುವ ಮೊದಲೇ ನೋಡುವವರು ತೀರ್ಪು ಕೊಟ್ಟುಬಿಡುತ್ತಾರೆ.

ನಿಘಂಟಿನಲ್ಲಿ ಸಿಗುವ ಪದಗಳನ್ನೆಲ್ಲ ಹಾಕಿ ನೋಡಿದೆ. ನಮ್ಮ ಯಕ್ಷಗಾನದ ರಾಕ್ಷಸನಿಗೆ ಹೆಸರಿದೆ, ಕುಲ ಇದೆ, ಬಣ್ಣದ ವೇಷ ಇದೆ, ಆರ್ಭಟ ಮಾಡಿಕೊಂಡು ಠೀವಿಯಿಂದ ಬರುತ್ತಾನೆ. ಇವನಿಗೆ ಅದ್ಯಾವುದೂ ಇಲ್ಲ, ಹೊಲಿಗೆ ಹಾಕಿದ ಮೈ ಒಂದಿದೆ ಅಷ್ಟೆ. ‘ದೈತ್ಯ’ ಅನ್ನೋಣ ಅಂದರೆ ಪೇಪರಿನವರು ‘ದೈತ್ಯ ಕಂಪನಿ’ ಅಂತ ಬರೆದೂ ಬರೆದೂ ಆ ಪದಕ್ಕೆ ಈಗ ಗಾತ್ರ ಮಾತ್ರ ಉಳಿದಿದೆ. ಕಾದಂಬರಿಯಲ್ಲೇನೋ ಅವನು ಎಂಟು ಅಡಿ, ಆದರೆ ಬ್ಯಾಲೆಗೆ ಎಂಟು ಅಡಿಯ ನರ್ತಕನನ್ನು ಎಲ್ಲಿಂದ ತರೋದು? ‘ಭೂತ’ ಬೇಡವೇ ಬೇಡ, ಕರಾವಳಿಯವರಿಗೆ ಅದು ಕೈಮುಗಿಯುವ ದೈವ. ‘ಜೀವಿ’ ಅಂದರೆ ವಿಜ್ಞಾನದ ಪಠ್ಯಪುಸ್ತಕ. ‘ಸೃಷ್ಟಿ’ ಅರ್ಥಕ್ಕೆ ಸರಿಹೊಂದುತ್ತದೆ, ಆದರೆ ನಮ್ಮ ಗುಂಪಿನಲ್ಲೇ ಒಬ್ಬಳು ಸೃಷ್ಟಿ ಇದ್ದಾಳೆ.

ತುಂಬಾ ಹೊತ್ತು ನಾನು ‘ಬೇತಾಳ’ದ ಮೇಲೆ ನಿಂತಿದ್ದೆ. ಹೆಣದೊಳಗೆ ಹೊಕ್ಕು ಎದ್ದು ಕೂರುವುದು ಬೇತಾಳದ ಕೆಲಸವೇ ಅಲ್ವಾ? ಆದರೆ ಅಲ್ಲಿ ಹೊರಗಿನಿಂದ ಏನೋ ಒಳಗೆ ಬರುತ್ತದೆ, ಇಲ್ಲಿ ಹಾಗೆ ಬರುವುದಿಲ್ಲ. ಜರ್ಮನಿಯ ಇಂಗೊಲ್‌ಷ್ಟಾಟ್‌ನಲ್ಲಿ ಓದುವ ವಿಕ್ಟರ್ ಹೆಣದ ತುಂಡುಗಳನ್ನು ಕೂಡಿಸಿ ಹೊಸದಾಗಿಯೇ ಜೀವ ಕೊಡುತ್ತಾನೆ, ಕೊಟ್ಟು ಹೆದರಿ ಓಡಿಹೋಗುತ್ತಾನೆ. ಸಾಲದ್ದಕ್ಕೆ ಬೇತಾಳ ಬಾಯಿಬಡುಕ. ಮೇರಿ ಶೆಲ್ಲಿಯ 1818ರ ಕಾದಂಬರಿಯಲ್ಲೂ ಕ್ರೀಚರ್ ಬಹಳ ಚೆನ್ನಾಗಿ ಮಾತಾಡುತ್ತಾನೆ, ಕವಿ ಮಿಲ್ಟನ್ನನನ್ನು ಓದಿಕೊಂಡು ವಾದ ಮಾಡುತ್ತಾನೆ, ನಿಜ. ಬ್ಯಾಲೆಯಲ್ಲಿ ಆ ಮಾತೇ ಹೋಗಿದೆ. ನನ್ನ ಪ್ರಕಾರ ಈ ಕತೆಯನ್ನು ಬ್ಯಾಲೆ ಮಾಡುವಾಗ ಆಗುವ ದೊಡ್ಡ ನಷ್ಟ ಇದೇ. ಭಯ ಹುಟ್ಟಿಸುವುದಕ್ಕೆ ಸಂಗೀತ ಸಾಕು, ದೀಪ ಸಾಕು, ರಂಗವಿನ್ಯಾಸಕ ಜಾನ್ ಮ್ಯಾಕ್‌ಫರ್ಲೇನ್ ಮಾಡಿದ ಆ ದೇಹ ಕೊಯ್ಯುವ ಸಭಾಂಗಣವಂತೂ ಸಾಕೋ ಸಾಕು. ‘ನನ್ನನ್ನು ಯಾಕೆ ಹುಟ್ಟಿಸಿದೆ’ ಅಂತ ಕೇಳುವುದನ್ನು ಮಾತ್ರ ಪೂರ್ತಿ ಮೈಯಲ್ಲೇ ಹೇಳಬೇಕು. ಮೊದಲ ಪ್ರದರ್ಶನದಲ್ಲಿ ಆ ಪಾತ್ರ ಮಾಡಿದ ಸ್ಟೀವನ್ ಮ್ಯಾಕ್‌ರೇ ಅದನ್ನು ಎಷ್ಟೋ ಕಡೆ ಹೇಳಿಯೂ ಬಿಡುತ್ತಾರೆ.

ಹೆಸರಿನ ತಕರಾರು ಹಳೆಯದೇ. 1823ರಲ್ಲಿ ಈ ಕತೆ ಲಂಡನ್ನಿನಲ್ಲಿ ಮೊದಲ ಸಲ ನಾಟಕವಾಯಿತು. ಅಲ್ಲೂ ಕ್ರೀಚರ್ ಮೂಗ, ಟಿ. ಪಿ. ಕುಕ್ ಅನ್ನುವ ನಟ ಬರೀ ಅಭಿನಯದಲ್ಲಿ ಮಾಡಿದ್ದರು. ಪಾತ್ರಪಟ್ಟಿಯಲ್ಲಿ ಹೆಸರಿನ ಜಾಗದಲ್ಲಿ ಬರೀ ಗೆರೆ ಎಳೆದು, ಎದುರಿಗೆ ನಟನ ಹೆಸರು ಅಚ್ಚು ಹಾಕಿದ್ದರು. ಮೇರಿ ಶೆಲ್ಲಿ ಹೋಗಿ ನೋಡಿ, ಹೆಸರಿಲ್ಲದ್ದಕ್ಕೆ ಹೆಸರಿಡುವ ಈ ರೀತಿ ಚೆನ್ನಾಗಿದೆ ಅಂತ ಗೆಳೆಯರಿಗೆ ಕಾಗದ ಬರೆದರು. ಸಂಗೀತ ಕೇಳಿದಾಗ ಕುಕ್ ಆ ಸದ್ದನ್ನು ಕೈಯಿಂದ ಹಿಡಿಯಲು ಹೋಗುತ್ತಿದ್ದುದೂ ಅವರಿಗೆ ಹಿಡಿಸಿತ್ತು. ಅಂದರೆ ಮಾತು ಬಿಟ್ಟು ಸಂಗೀತಕ್ಕೆ ಕೈಚಾಚುವ ಕ್ರೀಚರ್ ಸ್ಕಾರ್ಲೆಟ್‌ಗಿಂತ ಸುಮಾರು ಇನ್ನೂರು ವರ್ಷ ಮೊದಲೇ ರಂಗದ ಮೇಲಿತ್ತು.

ನಾನೂ ಗೆರೆ ಎಳೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಪಟ್ಟಿಯಲ್ಲಿ ಗೆರೆ ಎಳೆದರೂ ಕತೆಸಾರದಲ್ಲಿ ವಾಕ್ಯ ಬರೆಯಬೇಕಲ್ಲ, ಅಲ್ಲಿ ಕನ್ನಡ ಬಿಡುವುದಿಲ್ಲ. ನನ್ನ ಅಸಲು ಪ್ರಶ್ನೆ ಇದು. ಇಂಗ್ಲಿಷಿನವರು ‘ಕ್ರೀಚರ್ ಬಂದು ನಿಂತಿತು’ ಅನ್ನುವುದನ್ನು ಗಂಡೋ ಹೆಣ್ಣೋ ವಸ್ತುವೋ ಹೇಳದೆ ಬರೆದು ಮುಂದೆ ಹೋಗುತ್ತಾರೆ. ನಾವು ಸರ್ವನಾಮ ಬಿಟ್ಟರೂ ಕ್ರಿಯಾಪದದ ಬಾಲ ಹೇಳಿಬಿಡುತ್ತದೆ: ಬರುತ್ತದೆ, ಬರುತ್ತಾನೆ. ಪ್ರತಿ ವಾಕ್ಯಕ್ಕೂ ಒಂದು ನಿರ್ಧಾರ. ‘ಕ್ರೀಚರ್‌ನ ಪ್ರವೇಶ, ವಿಲಿಯಮ್‌ನ ಸಾವು’ ಅಂತ ಬರೀ ನಾಮಪದದಲ್ಲಿ ಬರೆದರೆ ಸರ್ಕಾರಿ ಪ್ರಕಟಣೆಯ ಥರ ಕೇಳುತ್ತದೆ.

‘ಅದು’ ಅಂದರೆ ತಿರಸ್ಕಾರ ಅಂತ ಮೊದಲು ಅನಿಸಿತು. ಯೋಚಿಸಿದರೆ ಹಾಗೇನೂ ಇಲ್ಲ. ಮಗು ಅಳುತ್ತದೆ, ಕೂಸು ನಗುತ್ತದೆ. ‘ಪಾಪ, ಅದಕ್ಕೇನು ಗೊತ್ತು’ ಅಂತ ಪ್ರೀತಿಯಿಂದಲೇ ಹೇಳುತ್ತೇವೆ. ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೂ ‘ಅದು’ ಅನ್ನುತ್ತಾರೆ. ಆಚೆ ಕಡೆ, ಬದುಕಿದ್ದಾಗ ಯಾರೇ ಆಗಿರಲಿ, ದೆವ್ವ ಆದಮೇಲೆ ‘ಬಂತು’ ಅಂತಲೇ. ಒಂದನೇ ಅಂಕದ ಕೊನೆಗೆ ಮೇಜಿನ ಮೇಲಿಂದ ಏಳುವುದು ಆಗ ತಾನೇ ಹುಟ್ಟಿದ್ದೂ ಹೌದು, ಸತ್ತವರ ಮೈಯೂ ಹೌದು. ಹಾಗಾಗಿ ಅಲ್ಲಿ ‘ಏಳುತ್ತದೆ’ ನನಗೆ ತುಂಬಾ ಸರಿ ಅನಿಸಿತು.

ಆಮೇಲೆ ಏನು ಮಾಡಲಿ? ಎರಡನೇ ಅಂಕದಲ್ಲಿ ವಿಕ್ಟರನ ಪುಟ್ಟ ತಮ್ಮ ವಿಲಿಯಮ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುತ್ತಿರುವಾಗ ಕ್ರೀಚರ್ ಬಂದು ಆಟಕ್ಕೆ ಸೇರಿಕೊಳ್ಳುತ್ತದೆ. ಕಾದಂಬರಿಯ ಕುರುಡು ಮುದುಕ ಡಿ ಲೇಸಿ ಈ ಬ್ಯಾಲೆಯಲ್ಲಿಲ್ಲ, ಅವನ ಕೆಲಸವನ್ನು ಆ ಕಣ್ಣುಬಟ್ಟೆಯೇ ಮಾಡುತ್ತದೆ. ಕಾಣದಿರುವಷ್ಟು ಹೊತ್ತು ಹುಡುಗನಿಗೆ ಹೆದರಿಕೆಯಿಲ್ಲ. ಆ ವಾಕ್ಯದಿಂದ ‘ಅವನು’ ಶುರು ಮಾಡಿ, ಕೊಲೆಗೂ ‘ಅವನು’ ಅಂತಲೇ ಮುಂದುವರಿಸಬೇಕು ಅನ್ನುವುದು ನನ್ನ ಆಸೆ. ಕೊಂದಾಗ ಮತ್ತೆ ‘ಅದು’ ಅಂದರೆ ಆ ಕೊಲೆಗೆ ಹೊಣೆಗಾರನೇ ಇಲ್ಲದ ಹಾಗಾಗುತ್ತದೆ. ಕರಡು ತಿದ್ದುವ ನನ್ನ ಗೆಳೆಯ ಮಾತ್ರ ಇದನ್ನು ಲಿಂಗದೋಷ ಅಂತ ಕೆಂಪು ಗೀಟು ಹಾಕಿ ಎಲ್ಲವನ್ನೂ ‘ಅದು’ ಮಾಡಿ ಕಳಿಸಿದ್ದಾನೆ.

ಕತೆಯ ನಡುವೆ ‘ಅದು’ ‘ಅವನು’ ಆಗುವುದನ್ನು ನೀವು ಎಲ್ಲಾದರೂ ಓದಿದ್ದೀರಾ? ಜನಪದ ಕತೆಗಳಲ್ಲಿ ಹಾವು ಮನುಷ್ಯನಾದ ಕೂಡಲೇ ಕ್ರಿಯಾಪದ ಬದಲಾಗುತ್ತದೆ, ಆದರೆ ಅಲ್ಲಿ ರೂಪವೂ ಬದಲಾಗುತ್ತದೆ. ಇಲ್ಲಿ ಹೊಲಿಗೆ ಹಾಕಿದ ಅದೇ ಮೈ.

ಇನ್ನೊಂದು ಚಿಕ್ಕ ಪ್ರಶ್ನೆ. ‘ಪಾ ದ ದ್ಯೂ’ಗೆ ಎಲ್ಲರೂ ‘ಜೋಡಿ ನೃತ್ಯ’ ಅನ್ನುತ್ತಾರೆ. ಕೊನೆಯಲ್ಲಿ ವಿಕ್ಟರ್ ಮತ್ತು ಕ್ರೀಚರ್ ಇಬ್ಬರೇ ಸೇರಿ ಕುಣಿಯುವ ಭಾಗಕ್ಕೆ ‘ಜೋಡಿ’ ಅಂದರೆ ನಗು ಬರುತ್ತದೆ. ‘ಇಬ್ಬರ ಕುಣಿತ’ ಸಾಕೇ?

‘ಕ್ರೀಚರ್’ ಅಂತಲೇ ಬಿಡಿ ಅನ್ನುವವರು ಧಾರಾಳವಾಗಿ ಹೇಳಿ. ಮುಂದಿನ ಕ್ರಿಯಾಪದಕ್ಕೆ ಏನು ಹಾಕಲಿ ಅನ್ನುವುದನ್ನೂ ಜೊತೆಗೇ ಹೇಳಿಬಿಡಿ.