ಹೊರಾಂಗಣ ಆಕ್ಸೆಸ್ ಪಾಯಿಂಟ್ ಆನ್ ಆಗಿ, ಒಂದೇ ನಿಮಿಷಕ್ಕೆ ರೀಸ್ಟಾರ್ಟ್ ಆಗುತ್ತಿದೆ

ತಂತಿಬೇಲಿ:
ನಮಸ್ಕಾರ. ಕಂಬದ ಮೇಲೆ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಕೂರಿಸಿದ್ದೇನೆ. ಕೆಳಗೆ 24 ವೋಲ್ಟ್ ಪ್ಯಾಸಿವ್ ಪಿಒಇ ಇಂಜೆಕ್ಟರ್ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟ್ ಕಳಿಸುವ ಡಬ್ಬಿ), ಮಧ್ಯೆ ಸುಮಾರು 70 ಮೀಟರ್ ಕೇಬಲ್. ಪವರ್ ಲೈಟ್ ಬರುತ್ತದೆ, ಫೋನಿನಲ್ಲಿ ವೈಫೈ ಹೆಸರೂ ಕಾಣುತ್ತದೆ. ಕನೆಕ್ಟ್ ಆಗುವಷ್ಟರಲ್ಲಿ ಎಲ್ಲ ಆರಿ ಮತ್ತೆ ಮೊದಲಿಂದ ಶುರು. ಮೇಜಿನ ಮೇಲೆ ಇಟ್ಟು ನೋಡಿದಾಗ ಚೆನ್ನಾಗೇ ಇತ್ತು. ಮೇಲಿನ ತುದಿಯಲ್ಲಿ ಮಲ್ಟಿಮೀಟರ್ ಹಿಡಿದರೆ 24 ವೋಲ್ಟ್ ಸರಿಯಾಗಿ ಬರುತ್ತಿದೆ. ಆಕ್ಸೆಸ್ ಪಾಯಿಂಟೇ ಕೆಟ್ಟಿರಬಹುದಾ?

ಮೂರನೇ ಪಿನ್:
ಆ 24 ಅನ್ನು ನಂಬಬೇಡಿ ಸರ್. ಲೋಡ್ ಇಲ್ಲದೆ, ಅಂದ್ರೆ ಕರೆಂಟ್ ಎಳೆಯುವ ಸಾಧನ ಇಲ್ಲದೆ ಅಳೆದರೆ ಎಂಥ ಕೇಬಲ್ಲೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ರೇಡಿಯೊ ಶುರುವಾದಾಗ ಕರೆಂಟ್ ಎಳೆಯುವುದು ಜಾಸ್ತಿಯಾಗುತ್ತದೆ, ಆಗ ವೋಲ್ಟೇಜ್ ಕುಸಿಯುತ್ತದೆ. ವೈಫೈ ಹೆಸರು ಕಂಡ ಮೇಲೇ ಆರಿಹೋಗುತ್ತಿದೆ ಅಂದ್ರೆ ನನ್ನ ಅನುಮಾನ ಅಲ್ಲೇ.

ಇಂಜೆಕ್ಟರ್ ಕೇಬಲಿನ 4, 5ನೇ ತಂತಿಗಳಲ್ಲಿ ಪ್ಲಸ್ಸು, 7, 8ರಲ್ಲಿ ಮೈನಸ್ಸು ಕಳಿಸುತ್ತದೆ ಅಂದುಕೊಳ್ಳಿ. 70 ಮೀಟರ್ ಒಳ್ಳೆ ತಾಮ್ರದ ಕ್ಯಾಟ್ 5ಇ ನೆಟ್‌ವರ್ಕ್ ಕೇಬಲ್ ಆದರೆ ಹೋಗಿ ಬರುವ ದಾರಿಗೆ ಸುಮಾರು 6 ಓಮ್ ರೆಸಿಸ್ಟೆನ್ಸ್. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್ ಆದರೆ 9ರ ಆಸುಪಾಸು. ಅಂಥ ಕೇಬಲಿನಲ್ಲಿ ನಿಮ್ಮ ಸಾಧನ 10 ವ್ಯಾಟ್ ಎಳೆದರೆ ಮೇಲೆ ತಲುಪುವುದು 19 ವೋಲ್ಟ್ ಚಿಲ್ಲರೆ. ತುದಿಯ ಕನೆಕ್ಟರ್ ಒತ್ತಿ ಕೂರಿಸಿದ ಕ್ರಿಂಪ್ ಸಡಿಲ ಇದ್ದರೆ ಇನ್ನೂ ಕಮ್ಮಿ.

ಮೊದಲು ಅದನ್ನು ಇಳಿಸಿ, ಅದೇ ಇಂಜೆಕ್ಟರಿಗೆ ಚಿಕ್ಕ ಕೇಬಲ್ ಹಾಕಿ ಅರ್ಧ ಗಂಟೆ ಓಡಿಸಿ. ಕೇಬಲಿನ ಒಂದು ತುಂಡನ್ನು ಬ್ಲೇಡಿನಿಂದ ಕೆರೆದೂ ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ.

ಗೋಡೆಗೂಡು:
ಒಂದು ಮಾತು, ವೋಲ್ಟೇಜ್ ಸಾಲದು ಅಂತ ಸುಮ್ನೆ 48 ವೋಲ್ಟ್ ಪ್ಯಾಸಿವ್ ಇಂಜೆಕ್ಟರ್ ಹಾಕಿಬಿಡಬೇಡಿ. ಲೇಬಲ್ ನೋಡಿ. 802.3ಎಎಫ್ ಅನ್ನುವ ಪಿಒಇ ಸ್ಟ್ಯಾಂಡರ್ಡಿನ ನೆಟ್‌ವರ್ಕ್ ಸ್ವಿಚ್ ಎದುರಿಗಿರುವುದು ಏನು ಅಂತ ಗುರುತು ಹಿಡಿದು ಆಮೇಲೆ ಪವರ್ ಬಿಡುತ್ತದೆ. ಪ್ಯಾಸಿವ್‌ಗೆ ಆ ವಿಚಾರಣೆ ಎಲ್ಲ ಇಲ್ಲ, ನೇರ ಬಿಡುತ್ತದೆ. ಅದರ ಪಿಒಇ ಪೋರ್ಟಿಗೆ ಲ್ಯಾಪ್‌ಟಾಪನ್ನಂತೂ ಚುಚ್ಚಲೇಬಾರದು.

ತಂತಿಬೇಲಿ:
ಚಿಕ್ಕ ಕೇಬಲಿನಲ್ಲಿ ಒಮ್ಮೆಯೂ ಆರಲಿಲ್ಲ. ತಂತಿ ಕೆರೆದರೆ ಒಳಗೆ ಬೆಳ್ಳಗಿದೆ! ಪೆಟ್ಟಿಗೆ ಮೇಲೆ ಏನೂ ಬರೆದಿರಲಿಲ್ಲ. ಬೇರೆ ಕೇಬಲ್ ಎಳೆಯಲೇಬೇಕಾ?

ಮೂರನೇ ಪಿನ್:
ಎಳೆಯುವುದೇ ವಾಸಿ. ಪೂರ್ತಿ ತಾಮ್ರದ, ಬಿಸಿಲು ತಡೆಯುವ ಹೊರಾಂಗಣ ಕೇಬಲ್ ತನ್ನಿ. ಕ್ರಿಂಪ್ ಮಾಡುವ ಮೊದಲೇ ಗ್ಲ್ಯಾಂಡನ್ನು (ಕೇಬಲ್ ಒಳಹೋಗುವಲ್ಲಿ ನೀರು ತಡೆಯುವ ಬಿರಡೆ) ಕೇಬಲಿಗೆ ತೂರಿಸಿ, ಆಮೇಲೆ ಕನೆಕ್ಟರ್ ಅದರೊಳಗೆ ಹೋಗದಿರಬಹುದು.

ಹಾಕಿದ ಮೇಲೆ ಪಿಂಗ್ (ಸಾಧನ ಉತ್ತರಿಸುತ್ತಿದೆಯಾ ಅಂತ ನೋಡುವ ಕಮಾಂಡ್) ಓಡಲು ಬಿಟ್ಟು ದೊಡ್ಡ ಫೈಲ್ ಒಂದನ್ನು ಕಳಿಸಿ, ಲೋಡ್ ಬಿದ್ದಾಗಲೇ ನಿಜ ಗೊತ್ತಾಗುವುದು. ಸೆಟ್ಟಿಂಗ್ಸ್ ಪುಟದಲ್ಲಿ ಅಪ್‌ಟೈಮ್, ಅಂದ್ರೆ ಆನ್ ಆಗಿ ಎಷ್ಟು ಹೊತ್ತಾಯಿತು ಅನ್ನುವ ಲೆಕ್ಕ, ಸೊನ್ನೆಗೆ ಬಂದಿದೆಯಾ ನೋಡಿ. ಗಿಗಾಬಿಟ್ ಪೋರ್ಟಿನಲ್ಲಿ 100 ಎಂಬಿಪಿಎಸ್ ಮಾತ್ರ ತೋರಿಸಿದರೆ ಒಂದು ಜೋಡಿ ತಂತಿ ಕೂತಿಲ್ಲ ಅಂತಲೇ ಅನುಮಾನಪಡಿ. ಆಂಟೆನಾ ಸುತ್ತಲೂ ಹರಡುವ ಥರದ್ದಾದರೆ ಕಂಬದ ಬುಡದಲ್ಲಿ ನಿಂತು ಸಿಗ್ನಲ್ ಅಳೆಯಬೇಡಿ, ನೇರ ಕೆಳಗೆ ಅದು ಕಮ್ಮಿಯೇ. 5 ಗಿಗಾಹರ್ಟ್ಸ್ ಹೆಸರು ತಡವಾಗಿ ಬಂದರೂ ಗಾಬರಿ ಬೇಡ. ಕೆಲವು ಚಾನೆಲ್‌ಗಳಲ್ಲಿ ರೇಡಾರ್ ಇದೆಯಾ ಅಂತ ಕನಿಷ್ಠ 60 ಸೆಕೆಂಡ್ ಕೇಳಿಸಿಕೊಂಡೇ ಅದು ಶುರುವಾಗುತ್ತದೆ.