ಪ್ರಶ್ನೋತ್ತರ: ಎಸಿಎಲ್ ಬಿಗಿ ಇರೋ ಎಲ್‌ಡಿಎಪಿಯಲ್ಲಿ ಡೂಪ್ಲಿಕೇಟ್ ತಡೆಯೋದು ಹೇಗೆ?

(ಹಾಸನ–ಚಿಕ್ಕಮಗಳೂರು ಸಿಸ್ಟಮ್ ಅಡ್ಮಿನ್ ಗುಂಪು. ಉತ್ತರ: ಹಾಸನದ ಡೈರೆಕ್ಟರಿ ಸಲಹೆಗಾರರು)

ಅರಸೀಕೆರೆ, ಕಾಲೇಜು ಲ್ಯಾಬ್: ನಮಸ್ಕಾರ ಮೇಡಂ. ನಮ್ಮದು ಓಪನ್‌ಎಲ್‌ಡಿಎಪಿ (ಬಳಕೆದಾರರ ವಿವರ ಇಡೋ ಡೈರೆಕ್ಟರಿ ಸರ್ವರ್). ಮೇಲ್ ಆಟ್ರಿಬ್ಯೂಟ್ (ವಿವರದ ಕಲಂ) ಅವರವರದು ಅವರಿಗೆ ಮಾತ್ರ ಕಾಣೋ ಹಾಗೆ ಎಸಿಎಲ್ (ಯಾರು ಏನು ನೋಡಬಹುದು, ಬರೆಯಬಹುದು ಅನ್ನೋ ನಿಯಮ) ಇದೆ. ಅಡ್ಮಿಷನ್ ಸ್ಕ್ರಿಪ್ಟ್ ಮೊದಲು ಹುಡುಕಿ, ಸಿಗದಿದ್ದರೆ ಮಾತ್ರ ಸೇರಿಸುತ್ತೆ. ಆದರೂ ಒಂದೇ ಮೇಲ್ ಇಬ್ಬರಿಗೆ ಬಿದ್ದಿದೆ.

ಉತ್ತರ: ಸ್ಕ್ರಿಪ್ಟ್ ಬೈಂಡ್ (ಲಾಗಿನ್) ಆಗೋ ಖಾತೆಗೆ ಮೇಲ್ ಮೇಲೆ ಸರ್ಚ್ ಹಕ್ಕಿಲ್ಲ. ಹಕ್ಕಿಲ್ಲದ ಆಟ್ರಿಬ್ಯೂಟನ್ನು ಫಿಲ್ಟರ್‌ನಲ್ಲಿ ಕೇಳಿದರೆ ಸರ್ವರ್ ಬೈಯಲ್ಲ, ಸುಮ್ಮನೆ ಖಾಲಿ ಉತ್ತರ ಕೊಡುತ್ತೆ. ಸ್ಕ್ರಿಪ್ಟ್ ಅದನ್ನು "ಯಾರೂ ಇಲ್ಲ" ಅಂತ ಓದಿಕೊಳ್ಳುತ್ತೆ.

ಈ ಕೆಲಸ ಸರ್ವರ್‌ಗೇ ಬಿಡಿ, ಯೂನಿಕ್ ಓವರ್‌ಲೇ (ಒಂದೇ ಮೌಲ್ಯ ಇಬ್ಬರಿಗೆ ಬೀಳದಂತೆ ತಡೆಯೋ ಸರ್ವರ್ ಮಾಡ್ಯೂಲ್) ಹಾಕಿ. ಅದರ ಹುಡುಕಾಟ ಆ ಡೇಟಾಬೇಸಿನ ರೂಟ್‌ಡಿಎನ್ (ಎಸಿಎಲ್ ಅನ್ವಯಿಸದ ಮುಖ್ಯ ಅಡ್ಮಿನ್) ಹೆಸರಲ್ಲಿ ನಡೆಯೋದರಿಂದ ಎಸಿಎಲ್ ಅಡ್ಡ ಬರಲ್ಲ. ಹಾಗಾಗಿ ರೂಟ್‌ಡಿಎನ್ ಇರಲೇಬೇಕು. ಅದಕ್ಕೆ ಪಾಸ್‌ವರ್ಡ್ ಬೇಕಿಲ್ಲ, ಡೈರೆಕ್ಟರಿಯಲ್ಲಿ ಆ ಹೆಸರಿನ ಎಂಟ್ರಿಯೂ (ದಾಖಲೆ) ಬೇಕಿಲ್ಲ.

ಮೊದಲು ಹಳೇ ಡೂಪ್ಲಿಕೇಟ್ ತೆಗೀರಿ, ಓವರ್‌ಲೇ ಅದನ್ನು ಹುಡುಕಿ ಕೊಡಲ್ಲ. ಸ್ಲ್ಯಾಪ್‌ಕ್ಯಾಟ್‌ನಿಂದ ಡೇಟಾವನ್ನು ಪಠ್ಯವಾಗಿ ಹೊರತೆಗೆಯುವಾಗ ಉದ್ದ ಸಾಲು ಮಡಚಬಾರದು. ಮೇಲ್ ಸಾಲುಗಳನ್ನು ಗ್ರೆಪ್ ಮಾಡಿ (ಹೆಕ್ಕಿ), ಎಲ್ಲ ಸಣ್ಣಕ್ಷರಕ್ಕೆ ತಂದು, ಸಾರ್ಟ್ ಮಾಡಿ ನೋಡಿ. ಎರಡು ಕೋಲನ್ ಇರೋ ಸಾಲು ಬೇಸ್64 (ಸಂಕೇತಕ್ಕೆ ಬದಲಿಸಿದ ಪಠ್ಯ), ಅದನ್ನು ಬಿಡಿಸಿಕೊಂಡೇ ಹೋಲಿಸಿ. ಆಮೇಲೆ ಮೇಲ್‌ಗೆ ಈಕ್ವಾಲಿಟಿ ಇಂಡೆಕ್ಸ್ (ಬೇಗ ಹುಡುಕೋ ಸೂಚಿ) ಹಾಕಿ, ಇಲ್ಲದಿದ್ದರೆ ಪ್ರತಿ ಸೇರ್ಪಡೆಗೂ ಇಡೀ ಡೇಟಾಬೇಸ್ ಜಾಲಾಡುತ್ತೆ. ಕೊನೆಗೆ ಓವರ್‌ಲೇ: ಯುಆರ್‌ಐಯಲ್ಲಿ (ಎಲ್ಲಿ, ಯಾವುದನ್ನು ನೋಡಬೇಕು ಅಂತ ಹೇಳೋ ಸಾಲು) ವಿದ್ಯಾರ್ಥಿಗಳ ಬೇಸ್ (ಅವರ ಎಂಟ್ರಿಗಳಿರೋ ಶಾಖೆ), ಮೇಲ್, ಸ್ಕೋಪ್ ಸಬ್ (ಇಡೀ ಶಾಖೆ). ಡೂಪ್ಲಿಕೇಟ್ ಕೊಟ್ಟಾಗ ಎರರ್ 19, ಜೊತೆಗೆ "ಸಮ್ ಆಟ್ರಿಬ್ಯೂಟ್ಸ್ ನಾಟ್ ಯೂನಿಕ್" ಅಂತ ಬಂದರೆ ಕೆಲಸ ಆಯ್ತು. ಸ್ಲ್ಯಾಪ್‌ಆಡ್‌ನಿಂದ (ಡೇಟಾಬೇಸ್‌ಗೆ ನೇರವಾಗಿ ತುಂಬೋ ಸಾಧನ) ಸುರಿದ ಡೇಟಾ ಈ ತಪಾಸಣೆಗೆ ಸಿಗಲ್ಲ, ನೆನಪಿರಲಿ.

ಸಕಲೇಶಪುರ, ಸಪೋರ್ಟ್: ಇಷ್ಟೆಲ್ಲ ಯಾಕೆ? ಬೇರೆ ಗುಂಪಿಂದ ಬಂದಿದ್ದು: "ಎಸಿಎಲ್ ಮೇಲ್ತುದಿಯಲ್ಲಿ ಎಲ್ಲರಿಗೂ ರೀಡ್ ಅಂತ ಒಂದು ಸಾಲು ಹಾಕಿ, 2 ನಿಮಿಷದಲ್ಲಿ ಸರಿಹೋಗುತ್ತೆ."

ಉತ್ತರ: ಹಾಕಬೇಡಿ. ಎಸಿಎಲ್‌ನಲ್ಲಿ ಮೊದಲು ಹೊಂದಿದ ನಿಯಮವೇ ಕೊನೆ ಮಾತು. ಮೇಲ್ತುದಿಯಲ್ಲಿ ಆ ಸಾಲು ಬಿದ್ದರೆ ಕೆಳಗಿನವೆಲ್ಲ ಸತ್ತಂತೆ, ಪಾಸ್‌ವರ್ಡ್ ಹ್ಯಾಶ್ ಕೂಡ ಬಯಲು. ಫಾರ್ವರ್ಡ್ ಮಾಡೋ ಮುಂಚೆ ಓದಿ.

ಮೂಡಿಗೆರೆ, ಎಸ್ಟೇಟ್ ಆಫೀಸ್: ಮೇಡಂ, ಓವರ್‌ಲೇ ಈಗಾಗಲೇ ಇದೆ. ಕಾರ್ಮಿಕರ ಮೊಬೈಲ್ ನಂಬರ್ ಮತ್ತು 4 ಅಂಕಿಯ ಎಂಪ್ಲಾಯಿ ನಂಬರ್ ಯೂನಿಕ್. ಎರಡಕ್ಕೂ ಸೆಲ್ಫ್ ರೈಟ್, ಉಳಿದವರಿಗೆ ನನ್ (ಯಾವ ಹಕ್ಕೂ ಇಲ್ಲ). ಸುರಕ್ಷಿತ ತಾನೇ?

ಉತ್ತರ: ಅಲ್ಲ. ಇವತ್ತಿನ ಪ್ರಶ್ನೆಗಳಲ್ಲಿ ನನಗೆ ಆತಂಕ ತಂದಿದ್ದು ಇದೊಂದೇ.

ನೀವು ಓದೋ ಬಾಗಿಲು ಹಾಕಿದ್ದೀರಿ, ಬರೆಯೋ ಬಾಗಿಲು ತೆರೆದಿದೆ. ಒಬ್ಬ ಕಾರ್ಮಿಕ ತನ್ನ ಎಂಟ್ರಿಯಲ್ಲಿ ಬೇರೆಯವರ ನಂಬರ್ ಬರೆಯೋಕೆ ಹೋಗ್ತಾನೆ ಅಂದುಕೊಳ್ಳಿ. ಸರ್ವರ್ 19 ಅಂದರೆ ಆ ನಂಬರ್ ನಿಮ್ಮ ಡೈರೆಕ್ಟರಿಯಲ್ಲಿದೆ, ಒಪ್ಪಿಕೊಂಡರೆ ಇಲ್ಲ. ಒಂದಕ್ಷರ ಓದೋ ಹಕ್ಕಿಲ್ಲದೆ ಯಾರು ಕೆಲಸಕ್ಕಿದ್ದಾರೆ ಅಂತ ತಿಳಿದುಹೋಯ್ತು. ಎಂಪ್ಲಾಯಿ ನಂಬರ್ 4 ಅಂಕಿ ಅಂದರೆ ಹೆಚ್ಚೆಂದರೆ 10,000 ಪ್ರಯತ್ನ, ಒಂದು ಲೂಪ್ ಬರೆದರೆ ಮುಗೀತು. ಓವರ್‌ಲೇ ರೂಟ್‌ಡಿಎನ್ ಕಣ್ಣಲ್ಲಿ ನೋಡುತ್ತೆ, ಉತ್ತರ ಮಾತ್ರ ಕಾರ್ಮಿಕನ ಕೈಗೆ ಹೋಗುತ್ತೆ. ಯಾವ ರೀಡ್ ಎಸಿಎಲ್ ಕೂಡ ಇದನ್ನು ತಡೆಯಲ್ಲ.

ಮಾಡಬೇಕಾದ್ದು: ಎರಡೂ ಆಟ್ರಿಬ್ಯೂಟ್ ಮೇಲಿನ ಸೆಲ್ಫ್ ರೈಟ್ ಇವತ್ತೇ ತೆಗೆದು ಸೆಲ್ಫ್ ರೀಡ್ ಮಾಡಿ. ಬದಲಾವಣೆಗೆ ಒಂದು ಸರ್ವಿಸ್ ಖಾತೆ ಇಟ್ಟು ಅದಕ್ಕೆ ಮಾತ್ರ ರೈಟ್ ಕೊಡಿ, ಮ್ಯಾನೇಜ್ (ರೈಟ್‌ಗಿಂತ ಮೇಲಿನ ಹಕ್ಕು) ಬೇಡ. ಮ್ಯಾನೇಜ್ ಇದ್ದರೆ ಮ್ಯಾನೇಜ್‌ಡಿಎಸ್‌ಎಐಟಿ ಕಂಟ್ರೋಲ್ (ಕೋರಿಕೆ ಜೊತೆ ಕಳಿಸೋ ವಿಶೇಷ ಸೂಚನೆ) ಹಾಕಿ ಯೂನಿಕ್ ತಪಾಸಣೆಯನ್ನೇ ದಾಟಬಹುದು. ಅರ್ಜಿ ಫಾರ್ಮ್‌ನಲ್ಲಿ ಬರಲಿ, ಹೊಸ ನಂಬರಿಗೆ ಓಟಿಪಿ ಹೋಗಲಿ. ಓಟಿಪಿ ಸರಿ ಬಂದ ಮೇಲಷ್ಟೇ ಡೈರೆಕ್ಟರಿ ಮುಟ್ಟಬೇಕು. ತನ್ನ ಕೈಯಲ್ಲಿಲ್ಲದ ನಂಬರನ್ನು ಆಗ ಯಾರೂ ಪರೀಕ್ಷಿಸೋಕೆ ಆಗಲ್ಲ. ಎಂಪ್ಲಾಯಿ ನಂಬರ್ ಆಫೀಸಿನವರೇ ಕೊಡಲಿ.

ಇನ್ನೊಂದು. ಮೊಬೈಲ್ ಹೋಲಿಕೆಯಲ್ಲಿ ಸ್ಪೇಸ್, ಹೈಫನ್ ಲೆಕ್ಕಕ್ಕಿಲ್ಲ. ಆದರೆ +91 ಇದ್ದದ್ದು, ಇಲ್ಲದ್ದು ಬೇರೆ ಬೇರೆ ನಂಬರ್ ಅಂತಲೇ ಆಗುತ್ತೆ. ಲ್ಯಾಂಡ್‌ಲೈನ್‌ಗೂ ಅದೇ: 08262 ಮತ್ತು +91 8262 ಸರ್ವರ್ ಕಣ್ಣಿಗೆ ಒಂದಲ್ಲ. ಕನ್‌ಸ್ಟ್ರೇಂಟ್ ಓವರ್‌ಲೇ (ಮೌಲ್ಯದ ರೂಪ ಪರೀಕ್ಷಿಸೋದು) ಹಾಕಿ, +91 ಆದಮೇಲೆ 6ರಿಂದ 9ರೊಳಗಿನ ಒಂದಂಕಿ, ಮತ್ತೆ 9 ಅಂಕಿ ಅಂತ ರೆಜೆಕ್ಸ್ ಬಿಗಿ ಮಾಡಿ. ಅದೂ 19 ಅನ್ನೇ ಕೊಡುತ್ತೆ, ಪಕ್ಕದ ಸಂದೇಶ ಓದಿ ಯಾವುದು ಅಂತ ತಿಳೀರಿ.

ಲಾಗ್ ಮಟ್ಟ 256 (ಸ್ಟ್ಯಾಟ್ಸ್) ಇದ್ದರೆ ಹಳೇ ಲಾಗ್‌ನಲ್ಲಿ 19 ಎಣಿಸಿ, ಯಾವ ಬೈಂಡ್‌ನಿಂದ ಎಷ್ಟು ಅಂತ ಇಲ್ಲಿ ಹೇಳಿ.

ಬೇಲೂರು, ಶಾಲೆ: ಮೇಡಂ, ಸ್ಕ್ರಿಪ್ಟ್‌ನಲ್ಲಿ ಮೊದಲು ಹುಡುಕಿದರೆ ಸಾಲದಾ?

ಉತ್ತರ: ಸಾಲದು. ಮೊದಲ ಉತ್ತರ ಓದಿ.

ಕಡೂರು, ಡೇಟಾ ಸೆಂಟರ್: ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ಹಾಕಿಕೊಂಡರೆ ಈ ಗೋಳೇ ಇಲ್ಲ.

ಸಕಲೇಶಪುರ, ಸಪೋರ್ಟ್: ಯಾರ್ ಹೇಳಿದ್ದು? ಅದರಲ್ಲೂ ಮೇಲ್ ಆಟ್ರಿಬ್ಯೂಟ್ ಯೂನಿಕ್ ಅಂತ ಸರ್ವರ್ ನೋಡಲ್ಲ. ಲಾಗಿನ್ ಹೆಸರು ಮಾತ್ರ.

ಕಡೂರು, ಡೇಟಾ ಸೆಂಟರ್: ಯುಪಿಎನ್ (ಮೇಲ್ ವಿಳಾಸದ ತರಹ ಇರೋ ಲಾಗಿನ್ ಹೆಸರು) ನೋಡುತ್ತೆ.

ಸಕಲೇಶಪುರ, ಸಪೋರ್ಟ್: ವಿಂಡೋಸ್ ಸರ್ವರ್ 2012 ಆರ್2 ಡೊಮೇನ್ ಕಂಟ್ರೋಲರ್ (ಆಕ್ಟಿವ್ ಡೈರೆಕ್ಟರಿ ನಡೆಸೋ ಸರ್ವರ್) ಬಂದ ಮೇಲೆ. ಕೇಳಿದ್ದು ಮೇಲ್ ಬಗ್ಗೆ, ನೀವು ಹೇಳ್ತಿರೋದು ಇನ್ನೇನೋ.

ಕಡೂರು, ಡೇಟಾ ಸೆಂಟರ್: ಎಲ್ಲರಿಗೂ ರೀಡ್ ಕೊಡಿ ಅಂದವರು ನನಗೆ ಪಾಠ ಹೇಳೋದು ಬೇಡ.

ಚಿಕ್ಕಮಗಳೂರು, ಬ್ಯಾಂಕ್ ಐಟಿ: ಜಗಳ ಆಮೇಲೆ ಆಡ್ಕೊಳ್ಳಿ. ಮೇಡಂ, ಹಾಸನದಲ್ಲೊಂದು, ಇಲ್ಲೊಂದು ಸರ್ವರ್, ಎರಡೂ ಬರಹ ತಗೊಳ್ಳುತ್ತೆ. ಓವರ್‌ಲೇ ಹಾಸನದಲ್ಲಿ ಮಾತ್ರ ಇದೆ.

ಉತ್ತರ: ಎರಡರಲ್ಲೂ ಹಾಕಿ. ರೆಪ್ಲಿಕೇಶನ್‌ನಲ್ಲಿ (ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ನಕಲಾಗಿ) ಬಂದ ಬರಹವನ್ನು ಓವರ್‌ಲೇ ತಪಾಸಣೆ ಮಾಡಲ್ಲ. ಎರಡರಲ್ಲೂ ಹಾಕಿದರೂ ಲಿಂಕ್ ಬಿದ್ದಾಗ ಎರಡು ಕಡೆ ಒಂದೇ ಮೇಲ್ ಸೇರಬಹುದು, ಲಿಂಕ್ ಬಂದ ಮೇಲೆ ಎರಡೂ ಉಳಿಯುತ್ತೆ. ಯೂನಿಕ್ ಬೇಕೇ ಬೇಕು ಅಂದರೆ ಬರಹಕ್ಕೆ ಒಂದೇ ಸರ್ವರ್.

ಅರಸೀಕೆರೆ, ಕಾಲೇಜು ಲ್ಯಾಬ್: ಮೇಲ್, ಯುಐಡಿ (ಬಳಕೆದಾರರ ಐಡಿ) ಎರಡನ್ನೂ ಒಂದೇ ಯುಆರ್‌ಐಯಲ್ಲಿ ಕೊಟ್ಟರೆ ಎರಡೂ ಸೇರಿ ಯೂನಿಕ್ ಆಗುತ್ತಾ?

ಉತ್ತರ: ಇಲ್ಲ. ಪ್ರತಿಯೊಂದೂ ಬೇರೆಯಾಗಿ.

ಶೃಂಗೇರಿ: 389 ಡೈರೆಕ್ಟರಿ ಸರ್ವರ್‌ನಲ್ಲಿ (ಇನ್ನೊಂದು ಎಲ್‌ಡಿಎಪಿ ಸರ್ವರ್) ಯೂನಿಕ್ ಪ್ಲಗಿನ್‌ಗೆ ಎರಡು ಸಬ್‌ಟ್ರೀ (ಶಾಖೆ) ಕೊಡೋದು ಹೇಗೆ?

ಬೇಲೂರು, ಶಾಲೆ: ಮೇಡಂ, ರೂಟ್‌ಡಿಎನ್ ಪಾಸ್‌ವರ್ಡನ್ನೇ ಸ್ಕ್ರಿಪ್ಟ್‌ಗೆ ಕೊಟ್ಟರೆ ಹುಡುಕಾಟದಲ್ಲಿ ಎಲ್ಲ ಕಾಣುತ್ತಂತೆ? ವಿಡಿಯೋದಲ್ಲಿತ್ತು.

ಉತ್ತರ: ಕಾಣುತ್ತೆ. ಸ್ಕ್ರಿಪ್ಟ್ ಫೈಲ್ ಕದ್ದವನಿಗೂ ಕಾಣುತ್ತೆ. ಅಲ್ಲದೆ ಹುಡುಕೋದಕ್ಕೂ ಸೇರಿಸೋದಕ್ಕೂ ನಡುವೆ ಇನ್ನೊಬ್ಬ ಅದೇ ಮೇಲ್ ಸೇರಿಸಬಹುದು. ಇದೇ ಪ್ರಶ್ನೆಗೆ ಇನ್ನು ಉತ್ತರಿಸಲ್ಲ.

ಕಡೂರು, ಡೇಟಾ ಸೆಂಟರ್: ಕೇಳೋದೂ ತಪ್ಪಾ? ಗುಂಪಿರೋದು ಯಾಕೆ?

ಉತ್ತರ: ಮೂಡಿಗೆರೆಯವರು ಎಲ್ಲಿ? ಸೆಲ್ಫ್ ರೈಟ್ ತೆಗೆದ್ರಾ?

ಮೂಡಿಗೆರೆ, ಎಸ್ಟೇಟ್ ಆಫೀಸ್: ತೆಗೆದೆ ಮೇಡಂ. ಲಾಗ್ ನೋಡಿದೆ, ಒಂದೇ ಖಾತೆಯಿಂದ ರಾತ್ರಿಯೆಲ್ಲ 19 ಸಾಲುಗಟ್ಟಿ ಬಂದಿವೆ. ನಂಬರ್‌ಗಳು ಕ್ರಮವಾಗಿ ಏರುತ್ತಾ ಹೋಗಿವೆ ಅನ್ನಿಸುತ್ತೆ.

ಉತ್ತರ: ಸ್ಟ್ಯಾಟ್ಸ್ ಲಾಗ್‌ನಲ್ಲಿ ಬರೆದ ನಂಬರ್ ಇರಲ್ಲ, ಅನಿಸಿಕೆ ಬೇಡ. ಲಾಗ್ ಫೈಲ್ ಈಗಲೇ ಬೇರೆ ಮಷಿನ್‌ಗೆ ಕಾಪಿ ಮಾಡಿ, ರೊಟೇಟ್ ಆಗಿ ಹಳೇ ಲಾಗ್ ಅಳಿದರೆ ಸಾಕ್ಷಿ ಹೋಗುತ್ತೆ. ಪಿಪಾಲಿಸಿ (ಪಾಸ್‌ವರ್ಡ್ ನಿಯಮದ ಓವರ್‌ಲೇ) ಇದ್ದು, ಅದರಲ್ಲಿ ಲಾಕ್‌ಔಟ್ ಆನ್ ಆಗಿದ್ದರೆ ಆ ಖಾತೆಯ ಲಾಕ್ ಸಮಯಕ್ಕೆ 000001010000 ಬರೆದು ಕೊನೆಗೆ ಝಡ್ ಹಾಕಿ, ಅಡ್ಮಿನ್ ತೆಗೆಯೋವರೆಗೂ ಲಾಕ್. ಈಗಾಗಲೇ ತೆರೆದಿರೋ ಕನೆಕ್ಷನ್ ಅದರಿಂದ ಬೀಳಲ್ಲ, ಸರ್ವರ್ ಒಮ್ಮೆ ರೀಸ್ಟಾರ್ಟ್ ಮಾಡಿ. ಆ ಖಾತೆಯ ಹೆಸರು ಗುಂಪಲ್ಲಿ ಹಾಕಬೇಡಿ, ಪಾಸ್‌ವರ್ಡ್ ಬೇರೆಯವರ ಕೈಗೆ ಸಿಕ್ಕಿರಲೂಬಹುದು. ಮ್ಯಾನೇಜ್‌ಮೆಂಟ್‌ಗೆ ಬರವಣಿಗೆಯಲ್ಲಿ ತಿಳಿಸಿ.