ಮತಗಟ್ಟೆ ಒಳಗೆ ಮಗುವನ್ನು ಕರೆದುಕೊಂಡು ಹೋಗಬಹುದಾ?

ಹಾಸನದ_ಅಮ್ಮ:
2024ರ ಏಪ್ರಿಲ್ 26ರಂದು ಲೋಕಸಭೆಗೆ ವೋಟ್ ಹಾಕಲು ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಆಗ ಅವಳು ಒಂದನೇ ಕ್ಲಾಸು. ಬಿಸಿಲಲ್ಲಿ ಕ್ಯೂ ನಿಂತು ಬಾಗಿಲ ತನಕ ಹೋದ ಮೇಲೆ ಮಗುವನ್ನು ಒಳಗೆ ಬಿಡಲ್ಲ ಅಂದರು. ಹಿಂದಿದ್ದವರ ಸೊಂಟದ ಮೇಲಿದ್ದ ಮಗುವನ್ನು ಮಾತ್ರ ಬಿಟ್ಟರು! ಇದಕ್ಕೆ ನಿಯಮ ಅಂತ ಇದೆಯಾ, ಇಲ್ಲ ಬಾಗಿಲಲ್ಲಿ ನಿಂತವರ ಮರ್ಜಿಯಾ? ವೋಟು ಅಂದರೇನು ಅಂತ ಅವಳಿಗೆ ಈಗಿಂದಲೇ ಗೊತ್ತಾಗಲಿ ಅಂತ ನನ್ನ ಆಸೆ. ನಮ್ಮ ಮನೆಯವರು "ಹದಿನೆಂಟು ತುಂಬಲಿ ಬಿಡು, ತಾನಾಗೇ ಕಲಿಯುತ್ತಾಳೆ" ಅಂತಾರೆ. ನಿಮ್ಮ ಮನೆಗಳಲ್ಲಿ ಹೇಗೆ?

ಬೇಲೂರು_ಮೇಷ್ಟ್ರು:
ನಿಯಮ ಇದೆ ಮೇಡಂ. 1961ರ ಚುನಾವಣಾ ನಿಯಮಗಳಲ್ಲಿ 49ಡಿ ನೋಡಿ. ಮತದಾರರು ಎತ್ತಿಕೊಂಡು ಬಂದ ಮಗುವಿಗೆ ಅವಕಾಶ ಇದೆ, ನಡೆದು ಬರುವ ಮಗುವಿನ ಹೆಸರೇ ಅದರಲ್ಲಿಲ್ಲ. ಎಲೆಕ್ಷನ್ ಡ್ಯೂಟಿ ಮಾಡಿದವನಾಗಿ ಹೇಳುತ್ತೇನೆ, ಸಣ್ಣವರು ಅಂತ ಸುಮ್ನೆ ಬಿಟ್ಟುಬಿಡುವ ಪಿಆರ್‌ಒಗಳೂ (ಮತಗಟ್ಟೆಯ ಮುಖ್ಯ ಅಧಿಕಾರಿಗಳು) ಇದ್ದಾರೆ, ಪಕ್ಷಗಳ ಏಜೆಂಟರು ತಕರಾರು ತೆಗೆದರೆ ಯಾರಿಗೆ ಬೇಕು ಅಂತ ಬಿಡದವರೂ ಇದ್ದಾರೆ. ನಾನು ಬಿಡದವನು. ವೋಟು ಯಾರಿಗೆ ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಚೀಟಿ ಏಳು ಸೆಕೆಂಡ್ ಕಾಣುತ್ತದೆ. ಓದಲು ಕಲಿತ ಮಗುವಿಗೆ ಅಷ್ಟು ಸಾಕು, ಹೊರಗೆ ಬಂದು ಅಮ್ಮ ಯಾವುದಕ್ಕೆ ಒತ್ತಿದಳು ಅಂತ ಇಡೀ ಕ್ಯೂಗೆ ಕೇಳುವ ಹಾಗೆ ಹೇಳುತ್ತದೆ.

ಇನ್ನು ಶಾಯಿ. "ನಂಗೂ ಹಚ್ಚಿ" ಅಂತ ಬೆರಳು ಚಾಚುತ್ತಾರೆ, ಪಾಪ. ಅದು ಸಿಲ್ವರ್ ನೈಟ್ರೇಟ್ ಇರುವ ಶಾಯಿ, 1962ರ ಚುನಾವಣೆಯಿಂದ ನಮ್ಮ ಮೈಸೂರಿನಲ್ಲೇ ತಯಾರಾಗಿ ಇಡೀ ದೇಶಕ್ಕೆ ಹೋಗುತ್ತದೆ ಅಂತ ಮನೆಯಲ್ಲಿ ಹೇಳಿ, ಖುಷಿಪಡುತ್ತಾರೆ. ಅವಳ ಶಾಲೆಯಲ್ಲಿ ಶಾಲಾ ಸಂಸತ್ತಿನ ಚುನಾವಣೆ ಮಾಡುತ್ತಾರಾ ಅಂತಲೂ ಕೇಳಿ. ನಮ್ಮಲ್ಲಿ ಮೊಬೈಲನ್ನೇ ವೋಟಿಂಗ್ ಮಷಿನ್ ಮಾಡಿಕೊಂಡಿದ್ದೇವೆ. ಸೋತವರು ಎರಡು ದಿನ ಮುಖ ಊದಿಸಿಕೊಂಡಿರುತ್ತಾರೆ, ಅದೂ ಕಲಿಯಬೇಕಾದ್ದೇ ಅಲ್ವಾ.

ಮೂಡಿಗೆರೆ_ಕಾಫಿ:
ನನಗೆ ಇದನ್ನೆಲ್ಲ ಕಲಿಸಿದ್ದು ಮತಗಟ್ಟೆ ಅಲ್ಲ, ನಮ್ಮಜ್ಜ. 1978ರ ಚಿಕ್ಕಮಗಳೂರು ಉಪಚುನಾವಣೆ ಕತೆ ತೆಗೆದರೆ ಮುಗಿಸುತ್ತಲೇ ಇರಲಿಲ್ಲ. ಸಂಸದರಾಗಿದ್ದ ಚಂದ್ರೇಗೌಡರು ಇಂದಿರಾ ಗಾಂಧಿಗೆ ಸೀಟು ಬಿಟ್ಟುಕೊಟ್ಟಿದ್ದು, ಅವರ ಎದುರು ವೀರೇಂದ್ರ ಪಾಟೀಲರು ನಿಂತಿದ್ದು, ನವೆಂಬರಿನಲ್ಲಿ ಗೆದ್ದ ಇಂದಿರಾರನ್ನು ಡಿಸೆಂಬರಿನಲ್ಲೇ ಲೋಕಸಭೆಯಿಂದ ಹೊರಗೆ ಹಾಕಿದ್ದು. "ಜನ ಗೆಲ್ಲಿಸಿದ ಮೇಲೆ ಹೊರಗೆ ಹಾಕಲು ಅವರು ಯಾರು?" ಅಂತ ನಾನು ಕೇಳಿದ್ದೆ. ಅಜ್ಜ ಒಂದು ಸಂಜೆಯೆಲ್ಲ ಉತ್ತರ ಹೇಳಿದರು. ನಿಮ್ಮೂರಿನ ಕತೆ ಹೇಳಿ ಮೇಡಂ, ಹೊಳೆನರಸೀಪುರದ ಕಡೆಯವರೊಬ್ಬರು 1996ರಲ್ಲಿ ಪ್ರಧಾನಿ ಆದರಲ್ಲ, ಹಾಸನದವರಿಗೆ ಕತೆಗೇನು ಬರ. ಹಳ್ಳಿಯಲ್ಲಿ ನೆಂಟರಿದ್ದರೆ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೂ ಒಮ್ಮೆ ಕರೆದುಕೊಂಡು ಹೋಗಿ. ಶೌಚಾಲಯಕ್ಕೆ ನೀರಿಲ್ಲ, ಬಸ್ ನಿಲ್ಲಿಸಲ್ಲ ಅಂತ ಮಕ್ಕಳೇ ಎದ್ದು ನಿಂತು ಕೇಳುತ್ತಾರೆ, ಪಂಚಾಯಿತಿ ಅಧಿಕಾರಿ ಪಿಡಿಒ ಉತ್ತರ ಹೇಳಬೇಕು.

ಅರಸೀಕೆರೆ_ತೆಂಗು:
ಎಲ್ಲ ಸರಿ. ಆದರೆ ವೋಟಿನ ಹಿಂದಿನ ರಾತ್ರಿ ಮನೆಗೆ ದುಡ್ಡಿನ ಕವರ್ ಬರುತ್ತಲ್ಲ, ಅದನ್ನೂ ಮಗು ನೋಡುತ್ತೆ. ಅದನ್ನು ಒಳಗಿಟ್ಟುಕೊಂಡು ಬೆಳಿಗ್ಗೆ ಬೆರಳು ತೋರಿಸಿ ಸೆಲ್ಫಿ ತೆಗೆದರೆ ಅದು ಯಾವುದನ್ನು ಕಲಿಯಬೇಕು?

ಹಾಸನದ_ಅಮ್ಮ:
ಮೇಷ್ಟ್ರೇ, ಥ್ಯಾಂಕ್ಸ್. ಹಾಗಾದರೆ ಮುಂದಿನ ಸಲ ನಾವಿಬ್ಬರೂ ಒಬ್ಬೊಬ್ಬರಾಗಿ ಒಳಗೆ ಹೋಗುತ್ತೇವೆ, ಒಬ್ಬರು ಅವಳ ಜೊತೆ ಹೊರಗಿರುತ್ತೇವೆ. ತೆಂಗಿನವರೇ, ನಮ್ಮ ಬೀದಿಗೂ ಕವರ್ ಬರುತ್ತೆ, ನಾವು ತಗೊಳ್ಳಲ್ಲ. ಗುಟ್ಟಿನ ಮತದಾನ ಅಂತ ಮಗಳಿಗೆ ಹೇಳಿಕೊಡುವುದೇನೋ ಸುಲಭ. ನಮ್ಮತ್ತೆ ಮನೆಗೆ ಬಂದ ತಕ್ಷಣ "ಯಾವುದಕ್ಕೆ ಒತ್ತಿದೆ?" ಅಂತ ಅವಳ ಮುಂದೆಯೇ ಕೇಳುತ್ತಾರಲ್ಲ, ಅದಕ್ಕೇನು ಹೇಳಲಿ?